ಸೂಳೆಕೆರೆಯ ಏರಿ ಕಲಿಸುವ ಪಾಠ: ವಾಸ್ತವಕ್ಕೆ ಬೆನ್ನು ಹಾಕದ ವಿಶ್ವಾಸ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ, ಎರಡು ಗುಡ್ಡಗಳ ನಡುವಿನ ಕಣಿವೆಯನ್ನು ಅಡ್ಡಗಟ್ಟಿ ನಿಂತ ಒಂದು ಏರಿಯಿದೆ. ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ನೀರು. ಹರಿದ್ರಾ ಎಂಬ ಸಣ್ಣ ನದಿ ಇಲ್ಲಿ ತಂಗಿ, ಬಳಿಕ ಮುಂದೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ನೀರು ಹರಡಿಕೊಳ್ಳುವ ವಿಸ್ತಾರ 2651 ಹೆಕ್ಟೇರ್, ಅಂದರೆ ಸುಮಾರು 6550 ಎಕರೆ. ಏರಿಯಿಂದ ಹೊರಡುವ ಸಿದ್ಧ ನಾಲೆ, ಬಸವ ನಾಲೆಗಳು ಕೆಳಗಿನ ಗದ್ದೆ ತೋಟಗಳಿಗೆ ನೀರು ಒಯ್ಯುತ್ತವೆ. ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರು ಇಲ್ಲಿಂದ ಹೋಗಿದೆ. ಸರಕಾರದ ಕಾಗದಗಳಲ್ಲಿ ಇದರ ಹೆಸರು ಶಾಂತಿಸಾಗರ. ಜನರ ನಾಲಿಗೆಯಲ್ಲಿ ಮಾತ್ರ ಇದು ಇಂದಿಗೂ ಸೂಳೆಕೆರೆ.

ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲಿ ಕಟ್ಟಲ್ಪಟ್ಟಿತೆಂದು ನಂಬಲಾಗಿರುವ ಈ ಕೆರೆಯ ಚರಿತ್ರೆಯನ್ನು ಇಸ್ಲಾಮೀ ಬದುಕಿನ ಒಂದು ಮುಖ್ಯ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ. ಬದುಕು ಕಠಿಣವಾದಾಗ, ಸಮಾಜ ನಮ್ಮನ್ನು ನೋಯಿಸಿದಾಗ, ನಮ್ಮದೇ ತಪ್ಪುಗಳು ನಮ್ಮೆದುರು ಬಂದು ನಿಂತಾಗ ಸತ್ಯವಿಶ್ವಾಸಿಯು ಎತ್ತ ಮುಖ ಮಾಡಬೇಕು? ವಾಸ್ತವದಿಂದ ದೂರ ಸರಿದು ನೆಮ್ಮದಿಯ ಮೂಲೆಯೊಂದನ್ನು ಹುಡುಕಿಕೊಳ್ಳಬೇಕೇ, ಅಥವಾ ಅದರ ನಡುವೆಯೇ ಕಾಲೂರಿ ನಿಲ್ಲಬೇಕೇ?

ನೆಲವನ್ನು ನೋಡಿದ ಕಣ್ಣು

ಕೆರೆ ಎಂಬುದು ಕನಸಿನಿಂದ ಹುಟ್ಟುವ ವಸ್ತುವಲ್ಲ. ಮಳೆ ಎಲ್ಲಿ ಬೀಳುತ್ತದೆ, ಹಳ್ಳ ಯಾವ ದಾರಿಯಲ್ಲಿ ಇಳಿಯುತ್ತದೆ, ಯಾವ ಮಣ್ಣು ನೀರನ್ನು ಹಿಡಿಯುತ್ತದೆ, ಯಾವುದು ಸೋರಿಸುತ್ತದೆ ಎಂಬುದನ್ನು ವರ್ಷಗಟ್ಟಲೆ ನೋಡಿದವರೇ ಕೆರೆ ಕಟ್ಟಬಲ್ಲರು. ತೂಬು ಎಷ್ಟು ಎತ್ತರದಲ್ಲಿರಬೇಕು, ನೀರು ಹೆಚ್ಚಾದಾಗ ಕೋಡಿ ಎಲ್ಲಿಂದ ಹರಿಯಬೇಕು ಎಂಬ ಲೆಕ್ಕದಲ್ಲಿ ಸ್ವಲ್ಪ ಎಡವಿದರೂ ಒಂದೇ ಮಳೆಗಾಲಕ್ಕೆ ಏರಿ ಕೊಚ್ಚಿಹೋಗುತ್ತದೆ. ಸೂಳೆಕೆರೆಯ ಏರಿ ಬಹಳ ಉದ್ದವಾದುದಲ್ಲ. ಅದರ ಹಿರಿಮೆ ಇರುವುದು ಅಗಲದಲ್ಲಿ, ಎತ್ತರದಲ್ಲಿ, ಗಟ್ಟಿತನದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿಯವರು ಈ ಸ್ಥಳವನ್ನು ಪರಿಶೀಲಿಸಿ, ಏರಿಗೆ ತಕ್ಕ ಜಾಗವನ್ನು ಆರಿಸಿದ ಸ್ಥಳೀಯ ಕುಶಲಿಗರ ಕಣ್ಣಿನ ನಿಖರತೆಯನ್ನು ಮೆಚ್ಚಿಕೊಂಡಿದ್ದರು.

ಹೆಸರೇ ಉಳಿಯದ ಆ ಕುಶಲಿಗರು ಮಾಡಿದ್ದು ಒಂದು ಸರಳ ಕೆಲಸ. ನೆಲ ಹೇಗಿರಬೇಕೆಂದು ತಾವು ಬಯಸಿದ್ದರೋ ಹಾಗಲ್ಲ, ಅದು ಹೇಗಿತ್ತೋ ಹಾಗೆಯೇ ಅವರು ಅದನ್ನು ನೋಡಿದರು. ಗುಡ್ಡ ಇರುವಲ್ಲಿ ಗುಡ್ಡವನ್ನೇ ಗೋಡೆಯಾಗಿ ಬಳಸಿಕೊಂಡರು, ಕಣಿವೆ ಇರುವಲ್ಲಿ ಮಾತ್ರ ಮಣ್ಣು ಕಲ್ಲು ಹೊತ್ತರು. ಎಲ್ಲ ಜೀವಿಗಳನ್ನೂ ನೀರಿನಿಂದ ಉಂಟುಮಾಡಲಾಯಿತೆಂದು ಪವಿತ್ರ ಕುರ್‌ಆನಿನ ಅಲ್‌ಅಂಬಿಯಾ ಅಧ್ಯಾಯ ನಮಗೆ ತಿಳಿಸುತ್ತದೆ. ಮಳೆ ಅಲ್ಲಾಹನ ಅನುಗ್ರಹ. ಆದರೆ ಬಿದ್ದ ಮಳೆಯನ್ನು ನಿಲ್ಲಿಸಿಕೊಳ್ಳುವ ಹೊಣೆಯನ್ನು ಅವನು ಮನುಷ್ಯನ ಕೈಗೆ ಕೊಟ್ಟಿದ್ದಾನೆ. ಏರಿ ಕಟ್ಟದ ಊರಿನಲ್ಲಿಯೂ ಮಳೆ ಬೀಳುತ್ತದೆ. ಅಲ್ಲಿ ಅದು ನಿಲ್ಲುವುದಿಲ್ಲ, ಅಷ್ಟೇ.

ಹೆಸರಿನ ಹಿಂದಿನ ಕಥೆ

ಕೆರೆಯ ಹೆಸರನ್ನು ಉಚ್ಚರಿಸಲು ಇಂದು ಅನೇಕರಿಗೆ ಸಂಕೋಚ. ಮಕ್ಕಳು ಹೆಸರಿನ ಅರ್ಥ ಕೇಳಿದರೆ ಹಿರಿಯರು ಮಾತು ಬದಲಿಸುತ್ತಾರೆ. ಆದರೆ ಈ ಹೆಸರಿನ ಹಿಂದೆ ತಲೆತಲಾಂತರದಿಂದ ಬಂದ ಒಂದು ಜನಪದ ಕಥೆಯಿದೆ. ಪಾಠಾಂತರಗಳು ಹಲವಿದ್ದರೂ ಅದರ ತಿರುಳು ಇಷ್ಟು: ಶಾಂತವ್ವೆ ಎಂಬ ರಾಜಪುತ್ರಿಗೆ ಶೀಲದ ವಿಷಯದಲ್ಲಿ ಕಳಂಕ ತಟ್ಟಿತು. ಹೆತ್ತ ತಂದೆಯೇ ಆಕೆಯನ್ನು ಆ ಕಟು ಶಬ್ದದಿಂದ ಹೀಗಳೆದನು. ಆಕೆ ಪ್ರಾಯಶ್ಚಿತ್ತವಾಗಿ ಕೆರೆಯೊಂದನ್ನು ಕಟ್ಟಿಸಲು ನಿಶ್ಚಯಿಸಿದಳು. ಕೆರೆಗೆ ಬೇಕಾಗಿದ್ದ ನೆಲ ವೇಶ್ಯೆಯರ ಕೇರಿಯಾಗಿತ್ತು. ಕೆರೆಗೆ ತಮ್ಮ ಹೆಸರು ಇರಬೇಕು ಎಂಬ ಷರತ್ತಿನ ಮೇಲೆ ಆ ಹೆಂಗಸರು ತಮ್ಮ ನೆಲವನ್ನು ಬಿಟ್ಟುಕೊಟ್ಟರು.

ಇದು ಕಥೆ, ಶಾಸನವಲ್ಲ. ಆದರೂ ಜನರು ತಮ್ಮ ನೀರಿನ ಮೂಲವನ್ನು ಇಂಥದೊಂದು ಕಥೆಯೊಡನೆ ನೆನಪಿಟ್ಟುಕೊಂಡಿದ್ದಾರೆ ಎಂಬುದು ಸಣ್ಣ ಸಂಗತಿಯಲ್ಲ. ಕಥೆಯ ಶಾಂತವ್ವೆಯ ಮುಂದೆ ಓಡಿಹೋಗುವ ದಾರಿಗಳು ಹಲವಿದ್ದವು. ಹೆಸರು ಬದಲಿಸಿಕೊಂಡು ದೂರದ ಊರಿನಲ್ಲಿ ಬಾಳಬಹುದಿತ್ತು. ಆಪಾದಿಸಿದವರನ್ನು ಶಪಿಸುತ್ತ ಕೂರಬಹುದಿತ್ತು. ಪ್ರಾಣವನ್ನೇ ತೊರೆಯಬಹುದಿತ್ತು. ಅವಳು ಇದಾವುದನ್ನೂ ಮಾಡದೆ, ಅವಮಾನವಾದ ನೆಲದಲ್ಲಿಯೇ ನಿಂತು ಆ ನೆಲಕ್ಕೆ ನೀರು ತಂದಳು. ನೆಲ ಬಿಟ್ಟುಕೊಟ್ಟ ಹೆಂಗಸರೂ ತಾವು ಯಾರೆಂಬುದನ್ನು ಮರೆಮಾಚಲಿಲ್ಲ. ಊರಿಗೆ ನೀರು ಕೊಟ್ಟವರು ನಾವೂ ಹೌದು ಎಂಬುದನ್ನು ಊರು ಮರೆಯಬಾರದೆಂದು ಅವರು ಕೇಳಿದರು. ಹೆಸರು ಕೇಳಿ ಮುಖ ಸಿಂಡರಿಸುವ ನಾವು, ಆ ಹೆಂಗಸರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರನ್ನು ಕುಡಿಯಲು ಮಾತ್ರ ಸಂಕೋಚಪಟ್ಟಿಲ್ಲ.

ಇಲ್ಲಿ ನಮಗೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿರುವ ಪ್ರಸಿದ್ಧ ಹದೀಸ್ ನೆನಪಾಗುತ್ತದೆ. ಬನೀ ಇಸ್ರಾಈಲರ ವೇಶ್ಯೆಯೊಬ್ಬಳು ಬಾವಿಯ ಬಳಿ ಬಾಯಾರಿಕೆಯಿಂದ ಸಾಯುತ್ತಿದ್ದ ನಾಯಿಯನ್ನು ಕಂಡು, ತನ್ನ ಪಾದರಕ್ಷೆಯಿಂದಲೇ ನೀರೆತ್ತಿ ಅದಕ್ಕೆ ಕುಡಿಸಿದಳು. ಆ ಕಾರಣಕ್ಕಾಗಿ ಅಲ್ಲಾಹನು ಅವಳನ್ನು ಕ್ಷಮಿಸಿದನೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದರು. ಗಮನಿಸಬೇಕಾದ ಸಂಗತಿಯೆಂದರೆ ಪ್ರವಾದಿವರ್ಯರು(ಸ) ಆ ಹೆಂಗಸು ಯಾರೆಂಬುದನ್ನು ಹೇಳಲು ಹಿಂಜರಿಯಲಿಲ್ಲ. ಅವಳ ವೃತ್ತಿಯನ್ನು ಮುಚ್ಚಿಟ್ಟಿದ್ದರೆ ಕ್ಷಮೆಯ ಅಗಾಧತೆಯೇ ನಮಗೆ ತಿಳಿಯುತ್ತಿರಲಿಲ್ಲ. ಅವಳು ಮಾಡಿದ್ದಾದರೂ ಎಷ್ಟು? ಕಣ್ಣೆದುರಿಗಿನ ಬಾಯಾರಿಕೆಯನ್ನು ನೋಡಿಯೂ ನೋಡದಂತೆ ಮುಂದೆ ಹೋಗಲಿಲ್ಲ. ಕೈಯಲ್ಲಿ ಹಗ್ಗ ಬಿಂದಿಗೆ ಇಲ್ಲವೆಂದು ನೆಪ ಹೇಳಲಿಲ್ಲ. ಕಾಲಲ್ಲಿದ್ದ ಪಾದರಕ್ಷೆಯೇ ಸಾಕೆಂದುಕೊಂಡಳು.

ತೌಬಾ ಎಂದರೆ ಮರಳುವುದು

ತೌಬಾ ಎಂಬ ಪದದ ಮೂಲಾರ್ಥ ಮರಳುವುದು. ನಮ್ಮ ವಿದ್ವಾಂಸರು ಅದಕ್ಕೆ ವಿಧಿಸಿದ ಷರತ್ತುಗಳು ನಮಗೆ ಗೊತ್ತಿರುವಂಥವೇ: ತಪ್ಪನ್ನು ತೊರೆಯಬೇಕು, ಅದಕ್ಕಾಗಿ ಮನಸಾರೆ ಪಶ್ಚಾತ್ತಾಪಪಡಬೇಕು, ಮತ್ತೆ ಮಾಡೆನೆಂದು ದೃಢವಾಗಿ ನಿರ್ಧರಿಸಬೇಕು, ಇನ್ನೊಬ್ಬರ ಹಕ್ಕನ್ನು ಕಸಿದಿದ್ದರೆ ಅದನ್ನು ಹಿಂದಿರುಗಿಸಬೇಕು. ಈ ನಾಲ್ಕರಲ್ಲಿ ಒಂದಾದರೂ ವಾಸ್ತವದಿಂದ ಓಡುವವನಿಂದ ಸಾಧ್ಯವಾಗದು. ತಪ್ಪನ್ನು ತಪ್ಪೆಂದು ಒಪ್ಪದವನು ಯಾವುದಕ್ಕೆ ಪಶ್ಚಾತ್ತಾಪಪಡಬೇಕು? ಸಾಲದ ಲೆಕ್ಕವನ್ನೇ ನೋಡದವನು ಯಾರಿಗೆ ಎಷ್ಟು ಹಿಂದಿರುಗಿಸಬೇಕು?

ಇಲ್ಲೊಂದು ಸೂಕ್ಷ್ಮವಿದೆ. ಇಸ್ಲಾಮ್ ಪಾಪಗಳನ್ನು ಬೀದಿಯಲ್ಲಿ ಸಾರಲು ಹೇಳುವುದಿಲ್ಲ. ಅಲ್ಲಾಹನು ಮುಚ್ಚಿಟ್ಟದ್ದನ್ನು ತಾನೇ ಬಿಚ್ಚಿಡುವುದನ್ನೂ, ಇತರರ ದೋಷಗಳನ್ನು ಕೆದಕುವುದನ್ನೂ ಅದು ನಿಷೇಧಿಸಿದೆ. ಆದರೆ ಜನರ ಕಣ್ಣಿನಿಂದ ಮರೆಯಲ್ಲಿಡುವುದು ಬೇರೆ, ತನ್ನ ಅಂತರಂಗಕ್ಕೇ ಸುಳ್ಳು ಹೇಳಿಕೊಳ್ಳುವುದು ಬೇರೆ. ಮನೆಯ ಮಗ ದುಶ್ಚಟಕ್ಕೆ ಬಿದ್ದಿರುವುದನ್ನು ನೆರೆಹೊರೆಯಲ್ಲಿ ಹೇಳಿಕೊಂಡು ತಿರುಗಬೇಕಾಗಿಲ್ಲ. ಆದರೆ ತಂದೆತಾಯಿ ಅದನ್ನು ತಮ್ಮೊಳಗೂ ಒಪ್ಪದಿದ್ದರೆ ಚಿಕಿತ್ಸೆ ಎಲ್ಲಿಂದ ಆರಂಭವಾಗಬೇಕು?

ಗುಹೆಯಿಂದ ಇಳಿದು ಬಂದ ಪ್ರವಾದಿ(ಸ)

ಧರ್ಮವೆಂದರೆ ಲೋಕದ ಜಂಜಾಟದಿಂದ ಪಾರಾಗುವ ಆಶ್ರಯ ಎಂದು ಭಾವಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಪ್ರವಾದಿವರ್ಯರ(ಸ) ಚರಿತ್ರೆ ಬೇರೆಯದೇ ದಾರಿಯನ್ನು ತೋರಿಸುತ್ತದೆ. ಅವರು ಹಿರಾ ಗುಹೆಯಲ್ಲಿ ಏಕಾಂತದಲ್ಲಿದ್ದುದು ನಿಜ. ಆದರೆ ದಿವ್ಯವಾಣಿ ಬಂದ ಬಳಿಕ ಅವರು ಬೆಟ್ಟದ ಮೇಲೆ ಉಳಿಯಲಿಲ್ಲ. ನಡುಗುತ್ತ ಮನೆಗೆ ಬಂದರು, ಹಝ್ರತ್ ಖದೀಜಾ(ರ) ಅವರಲ್ಲಿ ತಮ್ಮ ಭಯವನ್ನು ಹೇಳಿಕೊಂಡರು, ಆನಂತರ ಮಕ್ಕಾದ ಬೀದಿಗಳಿಗೆ ಇಳಿದರು. ಮುಂದಿನ ಇಪ್ಪತ್ತಮೂರು ವರ್ಷಗಳ ಅವರ ಬದುಕು ಸಂತೆ, ಸಂಸಾರ, ಒಪ್ಪಂದ, ಯುದ್ಧ, ಅನಾಥರ ಆರೈಕೆಗಳ ನಡುವೆಯೇ ಸಾಗಿತು.

ಒಬ್ಬರು ರಾತ್ರಿಯಿಡೀ ನಮಾಝ್ ಮಾಡುವುದಾಗಿ, ಇನ್ನೊಬ್ಬರು ನಿತ್ಯವೂ ಉಪವಾಸವಿರುವುದಾಗಿ, ಮತ್ತೊಬ್ಬರು ಮದುವೆಯನ್ನೇ ಆಗದಿರುವುದಾಗಿ ಹೇಳಿದಾಗ ಪ್ರವಾದಿವರ್ಯರು(ಸ) ಅವರ ಉತ್ಸಾಹವನ್ನು ಹೊಗಳಲಿಲ್ಲ. ತಾವು ಅವರೆಲ್ಲರಿಗಿಂತ ಹೆಚ್ಚು ಅಲ್ಲಾಹನನ್ನು ಭಯಪಡುವವರಾಗಿದ್ದೂ ನಿದ್ರಿಸುತ್ತೇವೆ, ಉಣ್ಣುತ್ತೇವೆ, ಸಂಸಾರ ನಡೆಸುತ್ತೇವೆ ಎಂದು ತಿಳಿಸಿ ಅವರನ್ನು ತಿದ್ದಿದರು. ಸನ್ಯಾಸವು ಜನರೇ ಹುಟ್ಟುಹಾಕಿಕೊಂಡದ್ದು, ಅಲ್ಲಾಹನು ವಿಧಿಸಿದ್ದಲ್ಲ ಎಂಬುದನ್ನು ಅಲ್‌ಹದೀದ್ ಅಧ್ಯಾಯ (57:27) ಸ್ಪಷ್ಟಪಡಿಸುತ್ತದೆ. ಪರಲೋಕವನ್ನು ಅರಸುವಾಗ ಇಹಲೋಕದ ಪಾಲನ್ನು ಮರೆಯಬಾರದೆಂದು ಅಲ್‌ಕಸಸ್ ಅಧ್ಯಾಯ (28:77) ಎಚ್ಚರಿಸುತ್ತದೆ. ಜನರೊಡನೆ ಬೆರೆತು ಅವರಿಂದಾಗುವ ನೋವನ್ನು ಸಹಿಸುವ ವಿಶ್ವಾಸಿಯು, ಬೆರೆಯದೆ ಸಹಿಸದೆ ಇರುವವನಿಗಿಂತ ಉತ್ತಮ ಎಂಬ ಅರ್ಥದ ಹದೀಸ್ ಕೂಡ ನಮ್ಮ ಮುಂದಿದೆ.

ಹಾಗಾದರೆ ಏಕಾಂತಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಇಮಾಮ್ ಗಝಾಲಿ(ರಹ್ಮತುಲ್ಲಾಹಿ ಅಲೈಹಿ) 1095ರಲ್ಲಿ ಬಗ್ದಾದಿನ ನಿಝಾಮಿಯ್ಯಾ ಮದ್ರಸದ ಪ್ರತಿಷ್ಠಿತ ಪೀಠವನ್ನು ತೊರೆದು, ಹತ್ತು ವರ್ಷಗಳಿಗೂ ಹೆಚ್ಚು ಕಾಲ ಪದವಿಯಿಂದ ದೂರವಿದ್ದರು. ಆದರೆ ಅವರ ಬದುಕು ಅಲ್ಲಿಗೆ ಮುಗಿಯಲಿಲ್ಲ. 1106ರಲ್ಲಿ ಅವರು ಮತ್ತೆ ನೈಸಾಪುರದಲ್ಲಿ ಬೋಧನೆಗೆ ಮರಳಿದರು. ನಮ್ಮ ಮಲೆನಾಡಿನಲ್ಲಿಯೂ ಇದಕ್ಕೊಂದು ಹೋಲಿಕೆ ಸಿಗುತ್ತದೆ. ಸೂಫಿ ಬಾಬಾ ಬುಡನ್ ಅವರು ಚಿಕ್ಕಮಗಳೂರಿನ ಗಿರಿಯಲ್ಲಿ ತಂಗಿದರೆಂದು ಹೇಳುವ ಪರಂಪರೆಯೇ, ಅವರು ಯಮನಿನಿಂದ ಏಳು ಕಾಫಿ ಬೀಜಗಳನ್ನು ತಂದು ಅಲ್ಲಿ ನೆಟ್ಟರೆಂದೂ ಹೇಳುತ್ತದೆ. ಗಿರಿಯ ಏಕಾಂತಕ್ಕೆ ಹೋದವರನ್ನು ಸಹ ಜನರು ನೆನೆಯುವುದು ನೆಲಕ್ಕೆ ಹಾಕಿದ ಬೀಜದ ಮೂಲಕ.

ತವಕ್ಕುಲ್ ಮತ್ತು ತೂಬು

ಹಿಜರಿ 18ನೆಯ ವರ್ಷ, ಅಂದರೆ ಕ್ರಿ.ಶ. 639ರ ಸುಮಾರು, ಹಝ್ರತ್ ಉಮರ್(ರ) ಅವರ ಖಿಲಾಫತ್ತಿಗೆ ಎರಡು ವಿಪತ್ತುಗಳು ಒಟ್ಟಿಗೆ ಬಂದವು. ಅರಬ್ ನೆಲದಲ್ಲಿ ಭೀಕರ ಬರ, ಸಿರಿಯಾದಲ್ಲಿ ಅಮ್‌ವಾಸ್ ಪ್ಲೇಗ್. ಬರದಿಂದ ನೆಲ ಬೂದಿಯಂತಾದುದರಿಂದ ಆ ವರ್ಷಕ್ಕೆ ಬೂದಿಯ ವರ್ಷವೆಂದೇ ಹೆಸರಾಯಿತು. ಉಮರ್(ರ) ಮಳೆಗಾಗಿ ಜನರನ್ನು ಸೇರಿಸಿ ಪ್ರಾರ್ಥಿಸಿದರು. ಜೊತೆಗೆ ಸಿರಿಯಾದಿಂದ ಧಾನ್ಯ ತರಿಸಿದರು, ಸಾಮೂಹಿಕ ಅಡುಗೆ ಮಾಡಿಸಿದರು. ಜನಸಾಮಾನ್ಯರಿಗೆ ಸಿಗುವವರೆಗೆ ತಾವೂ ತುಪ್ಪ ಮಾಂಸಗಳನ್ನು ಮುಟ್ಟಲಿಲ್ಲ. ದುಆ ಮಾಡಿದ ಕೈಗಳೇ ಧಾನ್ಯದ ಮೂಟೆಯ ಲೆಕ್ಕವನ್ನೂ ನೋಡಿದವು.

ಪ್ಲೇಗಿನ ಪ್ರಸಂಗ ಇನ್ನಷ್ಟು ಬೋಧಪ್ರದ. ಸಿರಿಯಾಕ್ಕೆ ಹೊರಟಿದ್ದ ಉಮರ್(ರ) ದಾರಿಯಲ್ಲಿ ರೋಗದ ಸುದ್ದಿ ತಿಳಿದು ಹಿಂದಿರುಗಲು ನಿರ್ಧರಿಸಿದಾಗ, ಸೇನಾಪತಿ ಅಬೂ ಉಬೈದಾ(ರ) ಅವರು, ಅಲ್ಲಾಹನ ವಿಧಿಯಿಂದ ಓಡುತ್ತಿರುವಿರಾ ಎಂದು ಕೇಳಿದರು. ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರದ ಸಾರವಾಗಿತ್ತು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬೋಳು ಇದ್ದರೆ ಒಂಟೆಗಳನ್ನು ಹಸಿರಿನ ಕಡೆ ಮೇಯಿಸುವುದೂ ವಿಧಿಯೇ ಅಲ್ಲವೇ ಎಂದು ಅವರು ವಿವರಿಸಿದರು. ರೋಗವಿರುವ ನಾಡಿಗೆ ಹೋಗಬೇಡಿ, ನೀವಿರುವಲ್ಲಿ ರೋಗ ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿವರ್ಯರ(ಸ) ಸೂಚನೆಯನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಲ್ಲಿ ನೆನಪಿಸಿದರು. ಅದರಂತೆ ಉಮರ್(ರ) ಮದೀನಾಕ್ಕೆ ಮರಳಿದರು. ಅಬೂ ಉಬೈದಾ(ರ) ತಮ್ಮ ಜನರೊಡನೆಯೇ ಉಳಿದು, ಅದೇ ರೋಗದಿಂದ ಮರಣ ಹೊಂದಿದರು. ಇಬ್ಬರೂ ವಾಸ್ತವದಿಂದ ಓಡಲಿಲ್ಲ. ಒಬ್ಬರ ಹೊಣೆ ಹಿಂದಿರುಗುವುದಾಗಿತ್ತು, ಇನ್ನೊಬ್ಬರದು ಉಳಿಯುವುದಾಗಿತ್ತು.

ಒಂಟೆಯನ್ನು ಮೊದಲು ಕಟ್ಟು, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಅರ್ಥದ ಹದೀಸ್ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕೆರೆಯ ಊರಿನವರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬಹುದು: ಮಳೆಗಾಲಕ್ಕೆ ಮೊದಲು ತೂಬು ನೋಡಿಕೊಳ್ಳುವುದೂ ತವಕ್ಕುಲ್‌ನ ಭಾಗವೇ.

ನೀರಿನ ಪರಂಪರೆ ಮತ್ತು ಚರಿತ್ರೆಯ ಅಮಲು

ನೀರು ಕೊಡುವುದನ್ನು ಶ್ರೇಷ್ಠ ದಾನವೆಂದು ಬಗೆದ ಸಮುದಾಯ ನಮ್ಮದು. ಹಝ್ರತ್ ಉಸ್ಮಾನ್(ರ) ಮದೀನಾದ ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ, ಹಜ್ಜ್ ಯಾತ್ರಿಕರು ನೀರಿಗಾಗಿ ಪಡುವ ಪಾಡನ್ನು ಕಂಡು ಮಕ್ಕಾಕ್ಕೆ ನೀರಿನ ಕಾಲುವೆ ತರಿಸಿದರು. ಅದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನೀರುಣಿಸಿತು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ 1620ರಲ್ಲಿ ತಾಜ್ ಬಾವಡಿಯೂ 1651ರಲ್ಲಿ ಬೇಗಂ ತಲಾಬೂ ಆದವು. ಟಿಪ್ಪು ಸುಲ್ತಾನರು 1794ರಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಲು ಅಡಿಗಲ್ಲಿಟ್ಟು ಬರೆಸಿದ ಪಾರಸಿ ಶಾಸನ ಕನ್ನಂಬಾಡಿಯಲ್ಲಿ ದೊರೆತಿದೆ. ಹೊಸದಾಗಿ ಸಾಗುವಳಿಗೆ ತಂದ ಭೂಮಿಗೆ ತೆರಿಗೆಯ ರಿಯಾಯಿತಿಯನ್ನೂ ಅದು ಸಾರುತ್ತದೆ.

ಇವು ನಮ್ಮ ಹೆಮ್ಮೆಗೆ ಕಾರಣ. ಆದರೆ ಚರಿತ್ರೆಯೂ ಒಂದು ಅಮಲಾಗಬಲ್ಲದು. ಇಂದಿನ ಸೋಲು ಕಹಿಯಾದಾಗ ನಿನ್ನೆಯ ಸುಲ್ತಾನರ ನೆರಳಿನಲ್ಲಿ ಮಲಗುವುದು ಸುಲಭ. ಅಂಥವನಿಗೆ ಬಿಜಾಪುರದ ಗುಮ್ಮಟದ ಎತ್ತರ ಗೊತ್ತಿರುತ್ತದೆ, ತನ್ನ ಬೀದಿಯ ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆಂಬುದು ಗೊತ್ತಿರುವುದಿಲ್ಲ.

ಇದಕ್ಕೆ ಮದ್ದು ಚರಿತ್ರೆಯನ್ನು ಬಿಡುವುದಲ್ಲ, ಅದನ್ನು ಪೂರ್ತಿಯಾಗಿ ಓದುವುದು. ಸೂಳೆಕೆರೆ ಇರುವ ಚನ್ನಗಿರಿ ತಾಲ್ಲೂಕಿನಲ್ಲಿಯೇ ಸಂತೆಬೆನ್ನೂರು ಇದೆ. ಅಲ್ಲಿ ನಾಯಕ ಅರಸರು ಕಟ್ಟಿಸಿದ ಸುಂದರವಾದ ಪುಷ್ಕರಣಿಯ ಪಕ್ಕದಲ್ಲಿ ಮುಸಾಫಿರ್‌ಖಾನಾ ಎಂಬ ಕಟ್ಟಡವಿದೆ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನು ಆ ಊರನ್ನು ಗೆದ್ದಾಗ ಅಲ್ಲಿದ್ದ ದೇವಾಲಯವನ್ನು ಕೆಡವಿ ಇದನ್ನು ಕಟ್ಟಿಸಿದನೆಂದು ಸ್ಥಳೀಯ ಚರಿತ್ರೆ ಹೇಳುತ್ತದೆ. ಇದನ್ನು ಕೇಳುವಾಗ ನಮ್ಮಲ್ಲಿ ಕೆಲವರು ಮಾತು ಬದಲಿಸಲು ನೋಡುತ್ತಾರೆ. ಅದರ ಅಗತ್ಯವಿಲ್ಲ. ಸ್ವತಃ ತಮಗೆ ಅಥವಾ ತಮ್ಮ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರವಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯ (4:135) ಆಜ್ಞಾಪಿಸುತ್ತದೆ. ಇತರ ಧರ್ಮೀಯರ ಆರಾಧನಾಲಯಗಳು ಕೆಡವಲ್ಪಡದಂತೆ ಅಲ್ಲಾಹನು ತಡೆಯುವ ಬಗೆಯನ್ನು ಅಲ್‌ಹಜ್ಜ್ ಅಧ್ಯಾಯ (22:40) ಮಸೀದಿಗಳ ಜೊತೆಗೇ ಹೇಳುತ್ತದೆ. ಒಬ್ಬ ಸೇನಾಪತಿಯ ಯುದ್ಧನೀತಿಗೆ ಇಂದಿನ ಮುಸಲ್ಮಾನ ಹೊಣೆಗಾರನಲ್ಲ. ಆದರೆ ಅದನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸಲು ಹೊರಟರೆ ಆ ಸಮರ್ಥನೆಗೆ ಹೊಣೆಗಾರನಾಗುತ್ತಾನೆ. ಇದ್ದದ್ದನ್ನು ಇದ್ದಂತೆ ಒಪ್ಪುವವನ ಮಾತಿಗೆ ನೆರೆಯವನು ಕಿವಿಗೊಡುತ್ತಾನೆ. ಅದೇ ಊರಿನಲ್ಲಿ ಮಾರನೆಯ ದಿನವೂ ಒಟ್ಟಿಗೆ ಬಾಳಬೇಕಾದವರಿಗೆ ಇದಕ್ಕಿಂತ ಗಟ್ಟಿಯಾದ ನೆಲ ಬೇರಿಲ್ಲ.

ಹೂಳು

ಮತ್ತೆ ಕೆರೆಗೆ ಬರೋಣ. ಸೂಳೆಕೆರೆಗೆ ಏಷ್ಯಾದ ಎರಡನೆಯ ಅತಿ ದೊಡ್ಡ ಕೆರೆ ಎಂಬ ಪ್ರಸಿದ್ಧಿಯಿದೆ. ಈ ಬಿರುದನ್ನು ಹೇಳಿಕೊಳ್ಳುವಾಗ ಇರುವ ಉತ್ಸಾಹ ಕೆರೆಯ ತಳವನ್ನು ನೋಡುವಾಗ ಉಳಿಯುವುದಿಲ್ಲ. ಶತಮಾನಗಳಿಂದ ಹಳ್ಳಗಳು ಹೊತ್ತು ತಂದ ಹೂಳು ಅಲ್ಲಿ ತುಂಬಿದೆ. ಅಂಚಿನಲ್ಲಿ ಒತ್ತುವರಿಯಾಗಿದೆ. ಗಡಿ ಗುರುತಿಸಿ ಕೆರೆಯನ್ನು ಉಳಿಸಬೇಕೆಂದು ಅಲ್ಲಿನ ಜನರೇ ಹೋರಾಡಬೇಕಾಯಿತು. ಅಡಿಕೆ ತೋಟಗಳು ಹಬ್ಬಿದಂತೆ ಕೊಳವೆಬಾವಿಗಳು ಆಳಕ್ಕಿಳಿದವು. ಕಣ್ಣಿಗೆ ಕಾಣುವ ನೀರನ್ನು ಕಾಯುವ ಬದಲು ಕಾಣದ ನೀರನ್ನು ಬಗೆಯುವ ಕಾಲ ಬಂತು.

ಹೂಳಿನ ಸ್ವಭಾವವನ್ನು ಗಮನಿಸಿದರೆ ವಾಸ್ತವದಿಂದ ಓಡುವುದರ ಸ್ವಭಾವವೂ ತಿಳಿಯುತ್ತದೆ. ಅದು ಒಂದು ದಿನದಲ್ಲಿ ತುಂಬುವುದಿಲ್ಲ, ಸದ್ದು ಮಾಡುವುದಿಲ್ಲ. ಮೇಲಿನಿಂದ ನೋಡಿದರೆ ನೀರು ಮೊದಲಿನಂತೆಯೇ ಹೊಳೆಯುತ್ತಿರುತ್ತದೆ. ಬರ ಬಂದಾಗ ಮಾತ್ರ ಕೆರೆಯ ಆಳ ಎಷ್ಟು ಕಡಿಮೆಯಾಗಿದೆಯೆಂದು ಗೊತ್ತಾಗುತ್ತದೆ. ನಮ್ಮ ಕುಟುಂಬಗಳಲ್ಲಿಯೂ ಹೀಗೆಯೇ. ಮದುವೆಯ ಆಡಂಬರಕ್ಕಾಗಿ ಮಾಡಿದ ಸಾಲವನ್ನು ಎದುರಿಸಲಾಗದೆ ಮತ್ತೊಂದು ಸಾಲ ಮಾಡುತ್ತೇವೆ. ಮಗನ ಓದು ಹಿಂದೆ ಬಿದ್ದರೆ ಹೇಗೂ ಗಲ್ಫ್ ಇದೆಯೆಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಮಗಳ ಖಿನ್ನತೆಗೆ ವೈದ್ಯರ ಬದಲು ಯಾರದೋ ದೃಷ್ಟಿಯನ್ನು ದೂರುತ್ತೇವೆ. ಮನೆಯಲ್ಲಿ ನಾಲ್ವರಿದ್ದರೂ ನಾಲ್ಕು ಮೊಬೈಲುಗಳ ನಾಲ್ಕು ಲೋಕಗಳಲ್ಲಿ ರಾತ್ರಿ ಕಳೆಯುತ್ತೇವೆ. ಜಮಾಅತಿನ ಸಭೆಯಲ್ಲಿ ಶತ್ರುಗಳ ಸಂಚಿನ ಬಗ್ಗೆ ತಾಸುಗಟ್ಟಲೆ ಮಾತನಾಡಿ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಕೆಲಸಕ್ಕೆ ಬಂದಾಗ ಹೊತ್ತಾಯಿತೆಂದು ಎದ್ದುಬಿಡುತ್ತೇವೆ.

ಅನ್ಯಾಯ ನಡೆಯುತ್ತಿಲ್ಲವೆಂದು ಇದರ ಅರ್ಥವಲ್ಲ. ನಡೆಯುತ್ತಿದೆ. ಅದನ್ನೂ ಇದ್ದಂತೆಯೇ ನೋಡಬೇಕು, ಹೆಸರಿಟ್ಟು ಹೇಳಬೇಕು, ಕಾನೂನಿನ ದಾರಿಯಲ್ಲಿ ಎದುರಿಸಬೇಕು. ಏನೂ ಆಗಿಲ್ಲವೆಂದು ಕಣ್ಣು ಮುಚ್ಚುವುದು ಎಷ್ಟು ದೊಡ್ಡ ಪಲಾಯನವೋ, ಇನ್ನೇನೂ ಸಾಧ್ಯವಿಲ್ಲವೆಂದು ಕೈಚೆಲ್ಲುವುದೂ ಅಷ್ಟೇ ದೊಡ್ಡ ಪಲಾಯನ. ಒಂದು ಜನತೆ ತನ್ನೊಳಗಿನದನ್ನು ತಾನೇ ಬದಲಿಸಿಕೊಳ್ಳುವವರೆಗೆ ಅಲ್ಲಾಹನು ಅದರ ಸ್ಥಿತಿಯನ್ನು ಬದಲಿಸುವುದಿಲ್ಲ ಎಂಬ ಅರ್‌ರಅದ್ ಅಧ್ಯಾಯದ (13:11) ನಿಯಮ ಎಲ್ಲರಿಗೂ ಒಂದೇ.

ಹೂಳು ತೆಗೆಯುವ ಕೆಲಸ ಎಂದೂ ಒಂದೇ ದಿನದ್ದಲ್ಲ. ಹಿಂದೆ ಊರಿನವರು ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಬಂದು ಕೆರೆಯ ಗೋಡನ್ನು ತಮ್ಮ ಹೊಲಗಳಿಗೆ ಹೊಡೆಯುತ್ತಿದ್ದರು. ಅದರಿಂದ ಕೆರೆಯ ಆಳ ಹೆಚ್ಚಿತು, ಹೊಲಕ್ಕೆ ಗೊಬ್ಬರವೂ ಸಿಕ್ಕಿತು. ಅಡ್ಡಿಯಾಗಿದ್ದ ಮಣ್ಣೇ ಬೆಳೆಗೆ ಆಧಾರವಾಯಿತು. ಕುಟುಂಬದಲ್ಲಿಯೂ ಸಮುದಾಯದಲ್ಲಿಯೂ ಅಷ್ಟೇ. ಈ ವಾರ ಮನೆಯ ಸಾಲದ ಲೆಕ್ಕವನ್ನು ಗಂಡಹೆಂಡಿರು ಒಟ್ಟಿಗೆ ಕುಳಿತು ಬರೆಯಲಿ. ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟೆಂದು ಜಮಾಅತಿನ ಇಬ್ಬರು ಯುವಕರು ಮನೆಮನೆಗೆ ಹೋಗಿ ಎಣಿಸಲಿ. ಮುರಿದ ಸಂಬಂಧವೊಂದಿದ್ದರೆ, ಅದರಲ್ಲಿ ನಮ್ಮ ಪಾಲಿನ ತಪ್ಪು ಯಾವುದೆಂದು ಕೇಳಿಕೊಳ್ಳೋಣ.

ಅಂತ್ಯದಿನ ಬಂದೇಬಿಟ್ಟಿತೆಂದರೂ ಕೈಯಲ್ಲಿ ಸಸಿಯಿದ್ದರೆ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂದು ನಮ್ಮ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಲೋಕವೇ ಮುಗಿಯುವ ಗಳಿಗೆಯಲ್ಲಿಯೂ ಅವರು ನಮ್ಮ ಕಣ್ಣನ್ನು ಕೈಯಲ್ಲಿರುವ ಸಸಿಯ ಕಡೆಗೆ ತಿರುಗಿಸಿದರು. ಎಂಟು ಒಂಬತ್ತು ಶತಮಾನಗಳ ಹಿಂದೆ ಯಾರೋ ಮಣ್ಣು ಹೊತ್ತುದರಿಂದ ಇಂದು ಗದ್ದೆಗಳು ನೆನೆಯುತ್ತಿವೆ. ಅವರು ಯಾವ ಮತದವರೆಂದು ಆ ನೀರು ಕೇಳಲಿಲ್ಲ, ಕುಡಿಯುವವರು ಯಾರೆಂದೂ ಕೇಳುತ್ತಿಲ್ಲ.

ಇರುವುದನ್ನು ಇರುವಂತೆ ಕಾಣುವ ಕಣ್ಣನ್ನೂ, ಕಂಡದ್ದನ್ನು ತಾಳುವ ಸಬ್ರನ್ನೂ, ಕೈಲಾದುದನ್ನು ಮಾಡುವ ಶಕ್ತಿಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.